ಹತ್ತು ಗಟ್ಟಿ ಜನ ಸಾಕಾ? ಸಣ್ಣ ಬಳಗ ಕಟ್ಟಿ ಬದಲಾವಣೆ ತರಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಏನನ್ನಾದರೂ ಬದಲಾಯಿಸಬೇಕು ಅಂತ ಹೊರಟವರು ಮೊದಲು ತಲೆ ಎಣಿಸುತ್ತಾರೆ. ನಾನೂ ಎಣಿಸಿದ್ದೆ. ಅಂಧ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವ ಸಣ್ಣ ಬಳಗವೊಂದರಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಅಲ್ಲಿ ಎಡವಿ ಕಲಿತದ್ದು, ಹಿಂದಿನವರು ಹೇಗೆ ಮಾಡಿದರು ಅಂತ ಓದಿ ತಿಳಿದದ್ದು, ಎರಡೂ ಈ ಉತ್ತರಗಳಲ್ಲಿ ಸೇರಿವೆ. ಹೊಸಬರು ಬಂದಾಗಲೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಬದಲಾವಣೆಗೆ ಸಾವಿರಾರು ಜನ ಬೇಕಲ್ವಾ? ಹತ್ತು ಹನ್ನೆರಡು ಜನರಿಂದ ಏನಾಗುತ್ತದೆ?

ಕೊನೆಗೆ ಸಾವಿರಾರು ಜನ ಬೇಕು, ನಿಜ. ಶುರುವಿಗೆ ಬೇಡ.

1787ರ ಮೇ 22ರಂದು ಲಂಡನ್ನಿನ ಒಂದು ಅಚ್ಚುಕೂಟದಲ್ಲಿ ಹನ್ನೆರಡು ಜನ ಸೇರಿದರು. ಗುಲಾಮರ ವ್ಯಾಪಾರ ನಿಲ್ಲಬೇಕು ಎನ್ನುವುದು ಅವರ ಹಟ. ಆಗ ಬ್ರಿಟನ್ನಿನ ಬಂದರು, ಹಡಗು, ಸಕ್ಕರೆ ವ್ಯಾಪಾರ ಎಲ್ಲದರಲ್ಲೂ ಆ ದಂಧೆಯ ದುಡ್ಡು ಓಡಾಡುತ್ತಿತ್ತು. ಹನ್ನೆರಡರಲ್ಲಿ ಒಂಬತ್ತು ಜನ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಅವರಿಗೆ ಸಂಸತ್ತಿನಲ್ಲಿ ಕೂರುವ ಅವಕಾಶವೇ ಇರಲಿಲ್ಲ. ಹೊರಗಿನಿಂದ ನೋಡಿದವರು ಇದು ಆಗುವ ಹೋಗುವ ಮಾತಲ್ಲ ಅಂತಲೇ ಅಂದುಕೊಂಡಿರಬೇಕು.

ಆದರೆ ಆ ಹನ್ನೆರಡು ಜನ ಸುಮ್ನೆ ಹೆಸರು ಕೊಟ್ಟು ಕೂತವರಲ್ಲ. ಒಬ್ಬ, ಜೇಮ್ಸ್ ಫಿಲಿಪ್ಸ್, ಅಚ್ಚುಕೂಟದ ಯಜಮಾನ. ಕರಪತ್ರಗಳು ಅವನ ಯಂತ್ರದಲ್ಲೇ ಅಚ್ಚಾದವು. ಕ್ವೇಕರರಿಗೆ ಊರೂರಲ್ಲಿ ತಮ್ಮವರಿದ್ದರು, ಕರಪತ್ರ ಅಲ್ಲಿಗೆಲ್ಲ ತಲುಪಿತು. ಥಾಮಸ್ ಕ್ಲಾರ್ಕ್‌ಸನ್ ಕುದುರೆ ಹತ್ತಿ ಬಂದರಿನಿಂದ ಬಂದರಿಗೆ ಹೋದ, ನಾವಿಕರ ಬಾಯಿಂದ ವಿಷಯ ತೆಗೆದ, ಅಂಗಡಿಯಲ್ಲಿ ಮಾರಾಟಕ್ಕಿದ್ದ ಕೈಕೋಳವನ್ನೇ ಕೊಂಡು ತಂದು ಜನರ ಮುಂದೆ ಇಟ್ಟ. ಐದು ವರ್ಷ ಕಳೆಯುವಷ್ಟರಲ್ಲಿ, 1792ರಲ್ಲಿ, ಸಂಸತ್ತಿಗೆ 519 ಮನವಿಗಳು ಬಂದು ಬಿದ್ದವು. ವ್ಯಾಪಾರ ನಿಷೇಧಿಸುವ ಕಾನೂನು ಆದದ್ದು 1807ರಲ್ಲಿ.

ಆ ಸಾವಿರಾರು ಜನರನ್ನು ಕರೆತಂದವರು ಈ ಹನ್ನೆರಡು ಮಂದಿ. ಅಷ್ಟು ಜನ ಸೇರಲಿ, ಆಮೇಲೆ ಹೊರಡೋಣ ಅಂತ ಕೂತಿದ್ದರೆ ಅವರು ಇಂದಿಗೂ ಕೂತಿರುತ್ತಿದ್ದರು.

ಗಟ್ಟಿ ಜನ ಅಂದರೆ ಯಾರು? ಮೊದಲೇ ಗುರುತಿಸುವುದು ಹೇಗೆ?

ಮೊದಲೇ ಗುರುತಿಸಲು ಆಗುವುದಿಲ್ಲ. ಒಂದು ಸಣ್ಣ ಕೆಲಸ ಕೊಟ್ಟು ನೋಡಬೇಕು, ಅಷ್ಟೇ.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಕಾಲಕ್ಕೆ ನೂರೆಂಬತ್ತು ಚಿಲ್ಲರೆ ಜನ ಇದ್ದರು. ‘ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ, ಓದೋಣ’ ಅಂತ ಹಾಕಿದೆ. ಹೆಬ್ಬೆರಳುಗಳು ಸಾಲುಸಾಲಾಗಿ ಬಂದವು. ಕೈಮುಗಿದ ಚಿತ್ರಗಳೂ ಬಂದವು. ಭಾನುವಾರ ಬಂದದ್ದು ಆರು ಜನ.

ಮೈಕಿನಲ್ಲಿ ಸದ್ದು ಸೇರುತ್ತದೆ ಅಂತ ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ ಕೂತೆವು. ಒಬ್ಬರು ಓದುವುದು, ಇನ್ನೊಬ್ಬರು ಸರಪರ ಅನ್ನದ ಹಾಗೆ ಹಾಳೆ ತಿರುಗಿಸುವುದು. ಬೆವರು ಪುಸ್ತಕದ ಮೇಲೆ ತೊಟ್ಟಿಕ್ಕುತ್ತಿತ್ತು. ಮೂರು ಗಂಟೆಯಲ್ಲಿ ಮುಗಿದದ್ದು ಒಂದೇ ಪಾಠ. ಅದರಲ್ಲೂ ನಡುವೆ ಒಂದು ನಾಯಿ ಬೊಗಳಿದ್ದು ಸೇರಿಬಿಟ್ಟಿತ್ತು. ಮುಂದಿನ ವಾರ ಆರರಲ್ಲಿ ನಾಲ್ವರು ಮತ್ತೆ ಬಂದರು. ಅವರಲ್ಲಿ ಒಬ್ಬರ ಕೈಯಲ್ಲಿ ಹಳೆಯ ದಪ್ಪ ಬೆಡ್‌ಶೀಟ್ ಇತ್ತು. ಕಿಟಕಿಗೆ ಕಟ್ಟಿದರೆ ಹೊರಗಿನ ಸದ್ದು ತಗ್ಗುತ್ತದೆ ಅಂತ ತಂದಿದ್ದರು. ತನ್ನಿ ಅಂತ ಯಾರೂ ಹೇಳಿರಲಿಲ್ಲ.

ನನಗೆ ಗಟ್ಟಿ ಜನ ಅಂದರೆ ಆ ಬೆಡ್‌ಶೀಟ್ ತಂದವರು. ವಾರವಿಡೀ ಕೆಲಸ ಅವರ ತಲೆಯಲ್ಲಿ ಓಡುತ್ತಿತ್ತು. ಹೊಗಳುವವರು, ‘ನಾನಿದ್ದೇನೆ ಬಿಡಿ’ ಅನ್ನುವವರು, ಭಾಷಣಕ್ಕೆ ಚಪ್ಪಾಳೆ ತಟ್ಟುವವರು ಒಳ್ಳೆಯವರೇ. ಆದರೆ ಅವರನ್ನು ಲೆಕ್ಕಕ್ಕೆ ಹಿಡಿದು ದೊಡ್ಡ ಕೆಲಸ ಒಪ್ಪಿಕೊಂಡರೆ ಮುಖಭಂಗ ನಿಮಗೇ.

ಹಾಗಾದರೆ ಎಷ್ಟು ಜನ ಇರಬೇಕು? ಒಂದು ಸಂಖ್ಯೆ ಹೇಳಿ.

ಮಂತ್ರದಂಥ ಸಂಖ್ಯೆ ಯಾವುದೂ ಇಲ್ಲ. 1960ರ ಫೆಬ್ರುವರಿ 1ರಂದು ಅಮೆರಿಕದ ಗ್ರೀನ್ಸ್‌ಬರೋದಲ್ಲಿ, ಬಿಳಿಯರಿಗೆ ಮಾತ್ರ ಅಂತ ಮೀಸಲಾಗಿದ್ದ ಊಟದ ಕೌಂಟರಿನಲ್ಲಿ ಹೋಗಿ ಕೂತವರು ನಾಲ್ಕೇ ನಾಲ್ಕು ಕಪ್ಪು ವಿದ್ಯಾರ್ಥಿಗಳು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಸಹಕಾರಿ ಅಂಗಡಿ ತೆರೆದವರು 28 ಮಂದಿ ಎನ್ನುತ್ತಾರೆ. 1930ರಲ್ಲಿ ಗಾಂಧೀಜಿ ದಾಂಡಿಗೆ ಹೊರಟಾಗ ಜೊತೆಗೆ ಕರೆದುಕೊಂಡದ್ದು 78 ಜನರನ್ನು.

ನಾನು ನೋಡಿದ ಮಟ್ಟಿಗೆ ಐದರಿಂದ ಹನ್ನೆರಡು ಜನ ಇದ್ದರೆ ಕೆಲಸ ಸಲೀಸು. ಎಲ್ಲರೂ ಒಂದೇ ಕಡೆ ಕೂತು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವಷ್ಟು. ಯಾರಾದರೂ ಬರದಿದ್ದರೆ ಖಾಲಿ ಜಾಗ ಎದ್ದು ಕಾಣುವಷ್ಟು. ಬರದವರ ನೆನಪೇ ಆಗದಷ್ಟು ಜನ ಸೇರಿದರೆ ಗುಂಪು ದೊಡ್ಡದಾಯಿತು ಅಂತ ಅರ್ಥ.

ದಾಂಡಿಗೆ ಗಾಂಧೀಜಿ 78 ಜನರನ್ನೇ ಯಾಕೆ ಕರೆದುಕೊಂಡರು? ಕರೆದಿದ್ದರೆ ಲಕ್ಷ ಜನ ಬರುತ್ತಿರಲಿಲ್ವಾ?

ಬರುತ್ತಿದ್ದರು. ಅದಕ್ಕೇ ಕರೆಯಲಿಲ್ಲ ಅನ್ನಬೇಕು. ಹೊರಟವರು ಬಹುತೇಕ ಸಾಬರಮತಿ ಆಶ್ರಮದ ಶಿಸ್ತಿನಲ್ಲಿ ಪಳಗಿದವರು. ಏಟು ಬಿದ್ದರೂ ಕೈ ಎತ್ತಬಾರದು ಎನ್ನುವುದು ಅವರಿಗೆ ಬರೀ ಮಾತಾಗಿರಲಿಲ್ಲ, ದಿನದಿನದ ಅಭ್ಯಾಸವಾಗಿತ್ತು. ಅದಕ್ಕೆ ಎಂಟು ವರ್ಷ ಹಿಂದೆ, 1922ರಲ್ಲಿ, ಚೌರಿಚೌರಾದಲ್ಲಿ ರೊಚ್ಚಿಗೆದ್ದ ಜನ ಪೊಲೀಸ್ ಠಾಣೆಗೆ ಬೆಂಕಿ ಹಚ್ಚಿದ್ದರು, ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದ್ದರು. ಅಭ್ಯಾಸವಿಲ್ಲದ ದೊಡ್ಡ ಗುಂಪು ಏನು ಮಾಡಬಹುದು ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮಾರ್ಚ್ 12ಕ್ಕೆ ಹೊರಟು, ಸುಮಾರು 385 ಕಿಲೋಮೀಟರ್ ನಡೆದು, ಏಪ್ರಿಲ್ 5ಕ್ಕೆ ದಾಂಡಿ ಮುಟ್ಟಿದರು. ಮರುದಿನ ಬೆಳಿಗ್ಗೆ ಉಪ್ಪು ಎತ್ತಿದರು. ದಾರಿಯುದ್ದಕ್ಕೂ ಜನ ಸೇರುತ್ತಾ ಹೋದರು. ಆದರೆ ನಡಿಗೆಯ ಲಯ ಹಿಡಿದಿದ್ದವರು ಮೊದಲು ಹೊರಟವರೇ. ಅವರಲ್ಲಿ ನಮ್ಮ ಮೈಲಾರ ಮಹಾದೇವನೂ ಒಬ್ಬ. ಆಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಮೊದಲನೆಯ ಜೊತೆಗಾರ ಅಷ್ಟು ಮುಖ್ಯನಾ?

ನನ್ನ ಲೆಕ್ಕದಲ್ಲಿ ಶುರು ಮಾಡಿದವನಿಗಿಂತ ಮುಖ್ಯ. ಒಬ್ಬನೇ ನಿಂತು ಕೂಗಿದರೆ ತಲೆ ಕೆಟ್ಟಿದೆ ಅನ್ನುತ್ತಾರೆ. ಪಕ್ಕದಲ್ಲಿ ಇನ್ನೊಬ್ಬ ಬಂದು ನಿಂತರೆ, ‘ಏನಪ್ಪಾ ವಿಷಯ’ ಅಂತ ಕೇಳುತ್ತಾರೆ.

ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಜನರಿಗೆ ಗೆರೆಗಳನ್ನು ತೋರಿಸಿ, ಯಾವ ಎರಡರ ಉದ್ದ ಒಂದೇ ಅಂತ ಕೇಳಿದ. ಉತ್ತರ ಕಣ್ಣಿಗೆ ಕಾಣುವಷ್ಟು ಸುಲಭ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಅವನ ಕಡೆಯವರು, ಬೇಕಂತಲೇ ತಪ್ಪು ಹೇಳುತ್ತಿದ್ದರು. ಅವರ ನಡುವೆ ಸಿಕ್ಕಿಕೊಂಡ ಪಾಪದವನು ಸುಮಾರು ಮೂರರಲ್ಲಿ ಒಂದು ಸಲ ತಾನೂ ತಪ್ಪೇ ಹೇಳಿದ. ಆಮೇಲೆ ಸರಿ ಉತ್ತರ ಹೇಳುವ ಒಬ್ಬನೇ ಒಬ್ಬನನ್ನು ಜೊತೆಗೆ ಕೂರಿಸಿದಾಗ ಆ ತಪ್ಪುಗಳು ಸುಮಾರು ಕಾಲು ಭಾಗಕ್ಕೆ ಇಳಿದವು. ಎದುರಿಗಿದ್ದ ದೊಡ್ಡ ಗುಂಪು ಹಾಗೇ ಇತ್ತು. ಬಾಯಿ ಬಿಡುವ ಧೈರ್ಯಕ್ಕೆ ಒಬ್ಬ ಜೊತೆಗಾರ ಸಾಕಾಯಿತು.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಇದನ್ನೇ ಇನ್ನೊಂದು ಬಗೆಯಲ್ಲಿ ತೋರಿಸಿದ. ನೂರು ಜನ ಇದ್ದಾರೆ ಅಂದುಕೊಳ್ಳಿ. ಮೊದಲನೆಯವನು ಯಾರಿಗೂ ಕಾಯದೆ ಹೊರಡುತ್ತಾನೆ. ಎರಡನೆಯವನು ಒಬ್ಬ ಹೊರಟರೆ ಹೊರಡುತ್ತಾನೆ, ಮೂರನೆಯವನು ಇಬ್ಬರು ಹೊರಟರೆ. ಹೀಗೇ ಸಾಲಾಗಿ ನೂರು ಜನರೂ ಹೊರಟುಬಿಡುತ್ತಾರೆ. ಈಗ ಆ ಎರಡನೆಯವನನ್ನು ತೆಗೆದು, ಇಬ್ಬರು ಹೊರಡಲಿ ನೋಡೋಣ ಅನ್ನುವವನನ್ನು ಅಲ್ಲಿ ಇಡಿ. ಮೊದಲನೆಯವನು ಒಬ್ಬನೇ ಬೀದಿಯಲ್ಲಿ ನಿಂತಿರುತ್ತಾನೆ. ಉಳಿದ 98 ಜನ ಹಿಂದಿನವರೇ, ಮನಸ್ಸೂ ಹಿಂದಿನದೇ. ಆದರೂ ಯಾರೂ ಕದಲುವುದಿಲ್ಲ.

ಹಾಗಾಗಿ ಮೊದಲ ಜೊತೆಗಾರ ಬಂದಾಗ ಅವರನ್ನು ಸಹಾಯಕನ ಹಾಗೆ ಕಾಣಬೇಡಿ. ಸರಿಸಮ ಕೂರಿಸಿ. ಹೊಸಬರು ನಿಮ್ಮನ್ನು ನೋಡುವುದಕ್ಕಿಂತ ಜಾಸ್ತಿ ಅವರನ್ನು ನೋಡುತ್ತಿರುತ್ತಾರೆ.

ನನ್ನ ಮಾತು ಸರಿ ಇದೆ, ಲೆಕ್ಕವೂ ನನ್ನ ಪರ ಇದೆ. ಅಷ್ಟು ಸಾಲದಾ? ಬಳಗ ಯಾಕೆ?

ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ಸೆಮ್ಮೆಲ್ವೈಸ್ ಕಥೆ ಹೇಳುತ್ತೇನೆ.

1847ರಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯ ಇದ್ದ. ಒಂದು ಹೆರಿಗೆ ವಿಭಾಗದಲ್ಲಿ ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದರು. ಆ ವರ್ಷದ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟು ಸಾವು. ವೈದ್ಯರು ಶವ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸುತ್ತಿರುವುದೇ ಕಾರಣ ಅಂತ ಅವನಿಗೆ ಹೊಳೆಯಿತು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕು ಅಂತ ಕಟ್ಟಳೆ ಮಾಡಿದ. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡಕ್ಕೆ ಇಳಿಯಿತು.

ಇದಕ್ಕಿಂತ ಗಟ್ಟಿ ಪುರಾವೆ ಬೇಕಾ? ಆದರೂ ಬಹುಪಾಲು ವೈದ್ಯರು ಒಪ್ಪಲಿಲ್ಲ. ನೀವೇ ಕೊಂದಿರಿ ಅಂದರೆ ಯಾರು ತಾನೇ ಒಪ್ಪುತ್ತಾರೆ? ಅವನ ಬೆನ್ನಿಗೆ ಯಾರೂ ಇರಲಿಲ್ಲ ಅಂತಲ್ಲ. ಹೆಬ್ರಾ, ಸ್ಕೋಡಾ ಅವರಂಥ ಹೆಸರಾಂತ ವೈದ್ಯರೇ ಅವನ ಪರವಾಗಿ ಬರೆದರು, ಮಾತಾಡಿದರು. ಅವನು ಮಾತ್ರ ಬರೆಯಲು ಹಿಂದೇಟು ಹಾಕಿದ. 1850ರಲ್ಲಿ ಬೆನ್ನಿಗೆ ನಿಂತವರಿಗೂ ಹೇಳದೆ ವಿಯೆನ್ನಾ ಬಿಟ್ಟು ಹೊರಟ. ಪುಸ್ತಕ ಬಂದದ್ದು 1861ರಲ್ಲಿ. ಅಷ್ಟರಲ್ಲಿ ಒಪ್ಪದವರನ್ನು ಕೊಲೆಗಾರರೆಂದು ಕರೆದು ಬಹಿರಂಗ ಪತ್ರ ಬರೆಯುವಷ್ಟು ಕಹಿ ಅವನಲ್ಲಿ ತುಂಬಿತ್ತು. 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ.

ಅವನ ಕಡೆ ಸತ್ಯವಿತ್ತು, ಅಂಕಿ ಇತ್ತು, ನಾಲ್ಕು ಒಳ್ಳೆಯ ಜನರೂ ಇದ್ದರು. ಆ ನಾಲ್ವರನ್ನು ಒಟ್ಟಿಗೆ ಕೂರಿಸಿ ಇದು ನಮ್ಮ ಕೆಲಸ ಅನ್ನಲಿಲ್ಲ. ಕೆಲಸ ಕೊನೆತನಕ ‘ನನ್ನದು’ ಆಗಿಯೇ ಉಳಿಯಿತು. ಅವನ ಮೇಲೆ ನನಗೆ ಸಿಟ್ಟಿಗಿಂತ ಮರುಕವೇ ಜಾಸ್ತಿ.

ನನಗೆ ಭಾಷಣ ಬರುವುದಿಲ್ಲ. ಮುಂದಾಳು ಆಗಬಹುದಾ?

ಧಾರಾಳವಾಗಿ. ಸಣ್ಣ ಬಳಗದಲ್ಲಿ ಭಾಷಣಕ್ಕೆ ಕೆಲಸವೇ ಇಲ್ಲ. ಎಂಟು ಜನರ ಮುಂದೆ ಎದ್ದು ನಿಂತು ಭಾಷಣ ಮಾಡಿದರೆ ನಗು ಬರುತ್ತದೆ. ಅಲ್ಲಿ ಬೇಕಾಗುವುದು ಸಮಯಕ್ಕೆ ಸರಿಯಾಗಿ ಬರುವುದು, ಹೇಳಿದ್ದನ್ನು ಮಾಡುವುದು, ಯಾರಿಗೆ ಏನು ಒಪ್ಪಿಸಿದ್ದೀರಿ ಅಂತ ನೆನಪಿಡುವುದು, ಕೇಳಿಸಿಕೊಳ್ಳುವುದು.

ಮಾತು ಚೆನ್ನಾಗಿ ಬರುವವರಿಗೆ ಒಂದು ಅಪಾಯವೂ ಇದೆ. ಜನ ಅವರ ಮಾತಿಗೆ ಬರುತ್ತಾರೆ, ಕೆಲಸಕ್ಕೆ ಬರುವುದಿಲ್ಲ.

ಎಲ್ಲರೂ ನನ್ನ ಮಾತು ಕೇಳುತ್ತಾರೆ, ಆದರೂ ನಾನಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ. ಯಾಕೆ?

ಎಲ್ಲ ದಾರವೂ ನಿಮ್ಮ ಕೈಯಲ್ಲೇ ಇರುವುದರಿಂದ.

ಸುಮ್ನೆ ಲೆಕ್ಕ ಹಾಕಿ. ಬಳಗದಲ್ಲಿ ಎಂಟು ಜನ. ಏಳು ಜನರಿಗೂ ನಿಮ್ಮ ಪರಿಚಯ ಮಾತ್ರ ಇದ್ದರೆ ಏಳೇ ನಂಟು. ಎಂಟೂ ಜನರಿಗೆ ಒಬ್ಬರಿಗೊಬ್ಬರ ಪರಿಚಯ ಇದ್ದರೆ 28 ನಂಟು. ಮೊದಲ ಲೆಕ್ಕದಲ್ಲಿ ನಿಮಗೆ ಜ್ವರ ಬಂದರೆ ಏಳೂ ಹರಿದವು. ಎರಡನೆಯದರಲ್ಲಿ ಇನ್ನೂ 21 ಉಳಿದಿರುತ್ತವೆ. ನಿಮ್ಮ ಕೆಲಸ ಆ 21ನ್ನು ಬೆಳೆಸುವುದು. ಬಳಗ ಕಟ್ಟುವುದು ಅಂದರೆ ಅದರ ಮುಕ್ಕಾಲು ಪಾಲು ಇದೇ.

ನಾವು ಇದನ್ನು ಪೆಟ್ಟು ತಿಂದು ಕಲಿತೆವು. ಯಾವ ಪಾಠ ಯಾರು ಓದಬೇಕು ಎನ್ನುವುದೆಲ್ಲ ನನ್ನ ಫೋನಿನಲ್ಲಿ ಇತ್ತು. ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಅಂತ ನಾನು ಮೂರು ವಾರ ಹೋಗಲಿಲ್ಲ. ವಾಪಸ್ ಬಂದು ನೋಡಿದರೆ ಒಂದೇ ಅಧ್ಯಾಯ ಎರಡು ಸಲ ರೆಕಾರ್ಡ್ ಆಗಿತ್ತು, ಪರೀಕ್ಷೆಗೆ ಬೇಕಿದ್ದ ಅಧ್ಯಾಯ ಒಮ್ಮೆಯೂ ಆಗಿರಲಿಲ್ಲ. ತಪ್ಪು ನನ್ನದೇ. ಅಂದೇ ಒಂದು ದೊಡ್ಡ ಹಾಳೆ ತಂದು, ಅಧ್ಯಾಯಗಳನ್ನೆಲ್ಲ ಬರೆದು, ಗೋಡೆಗೆ ಅಂಟಿಸಿದೆವು. ಯಾರು ಬೇಕಾದರೂ ಅಧ್ಯಾಯದ ಎದುರು ಹೆಸರು ಹಾಕಬಹುದು. ಓದಿದ್ದನ್ನು ಕೇಳಿ ತಿದ್ದುವುದು ಇನ್ನೊಬ್ಬರು, ಓದಿದವರಲ್ಲ. ಈ ಒಂದು ನಿಯಮದಿಂದ ಜನ ನನ್ನನ್ನು ಬಿಟ್ಟು ಒಬ್ಬರಿಗೊಬ್ಬರು ಫೋನ್ ಮಾಡತೊಡಗಿದರು. ‘ಮೂರನೇ ಪುಟದಲ್ಲಿ ಉಸಿರು ಜೋರಾಗಿ ಕೇಳ್ತಿದೆ, ಮತ್ತೆ ಓದ್ತೀರಾ?’ ಅನ್ನುವ ಫೋನು. ನಿಜ ಹೇಳಬೇಕೆಂದರೆ, ನನ್ನನ್ನು ಯಾರೂ ಕೇಳುತ್ತಿಲ್ಲ ಅಂತ ಮೊದಮೊದಲು ಸ್ವಲ್ಪ ಬೇಜಾರೂ ಆಯಿತು.

ಗುರಿ ದೊಡ್ಡದಿರಬೇಕಾ, ಚಿಕ್ಕದಿರಬೇಕಾ?

ಕನಸು ಎಷ್ಟಾದರೂ ದೊಡ್ಡದಿರಲಿ. ಕೈಗೆ ಎತ್ತಿಕೊಳ್ಳುವ ಕೆಲಸಕ್ಕೆ ಅಂಚು ಇರಬೇಕು.

ಲಂಡನ್ನಿನ ಹನ್ನೆರಡು ಜನರಲ್ಲಿ ಇದೇ ಚರ್ಚೆ ಆಗಿತ್ತು. ಗ್ರ್ಯಾನ್‌ವಿಲ್ ಶಾರ್ಪ್‌ಗೆ ಗುಲಾಮಗಿರಿಯೇ ಪೂರ್ತಿ ಹೋಗಬೇಕು ಅಂತ ಇತ್ತು. ಉಳಿದವರು ಮೊದಲು ಗುಲಾಮರನ್ನು ಹಡಗಿನಲ್ಲಿ ಸಾಗಿಸಿ ಮಾರುವ ವ್ಯಾಪಾರ ನಿಲ್ಲಿಸೋಣ ಅಂದರು. ಅದನ್ನು ಒಂದು ಕಾನೂನಿನಿಂದ ನಿಲ್ಲಿಸಬಹುದು, ಆಯಿತೋ ಇಲ್ಲವೋ ಅಂತ ಕಣ್ಣಿಗೆ ಕಾಣುತ್ತದೆ. ಶಾರ್ಪ್ ಹೇಳಿದ್ದೇ ನ್ಯಾಯ ಅಂತ ನನಗೂ ಅನಿಸುತ್ತದೆ, ಉಳಿದವರ ದಾರಿಯಲ್ಲಿ ಸಂಕಟವಿದೆ. ಆದರೆ ಕೆಲಸ ಮುಂದೆ ಹೋದದ್ದು ಆ ದಾರಿಯಲ್ಲೇ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ತೆಗೆಯುವ ಕಾನೂನು 1833ರಲ್ಲಿ ಬಂತು. ಶಾರ್ಪ್ 1813ರಲ್ಲೇ ತೀರಿಕೊಂಡಿದ್ದ. ಕ್ಲಾರ್ಕ್‌ಸನ್ ಅದನ್ನು ನೋಡಿದ.

ನಿಯಮಗಳನ್ನು ಬರೆದಿಡಬೇಕಾ? ಗೆಳೆಯರೇ ಅಲ್ವಾ ಇರೋದು?

ಗೆಳೆಯರಾದ್ದರಿಂದಲೇ ಬರೆದಿಡಿ. ರಾಚ್‌ಡೇಲ್‌ನ ನೇಕಾರರು ಮತ್ತು ಇತರ ಕಸುಬುದಾರರು ವಾರಕ್ಕೆ ಎರಡು ಮೂರು ಪೆನ್ನಿಯಂತೆ ಕೂಡಿಟ್ಟು 28 ಪೌಂಡ್ ಮಾಡಿದರು. 1844ರ ಡಿಸೆಂಬರ್ 21ಕ್ಕೆ ಅಂಗಡಿ ತೆರೆದರು. ಇದ್ದದ್ದು ಒಂದಿಷ್ಟು ಹಿಟ್ಟು, ಓಟ್ಸ್, ಸಕ್ಕರೆ, ಬೆಣ್ಣೆ, ಮೇಣದಬತ್ತಿ. ಅಷ್ಟು ಸಣ್ಣ ಅಂಗಡಿಗೂ ಕಟ್ಟಳೆ ಮಾತ್ರ ಸ್ಪಷ್ಟ: ಸಾಲ ಇಲ್ಲ, ತೂಕದಲ್ಲಿ ಮೋಸ ಇಲ್ಲ, ಕಲಬೆರಕೆ ಇಲ್ಲ, ಎಷ್ಟೇ ಪಾಲು ಹಾಕಿದ್ದರೂ ಒಬ್ಬರಿಗೆ ಒಂದೇ ಮತ. ಲೋಕದ ಸಹಕಾರಿ ಸಂಘಗಳು ಇಂದಿಗೂ ಪಾಲಿಸುವ ತತ್ವಗಳ ಬೇರು ಆ ಕಟ್ಟಳೆಗಳಲ್ಲಿದೆ.

ಅರ್ಧ ಪುಟ ಸಾಕು. ಯಾವಾಗ ಸೇರುತ್ತೇವೆ, ದುಡ್ಡಿನ ಲೆಕ್ಕ ಯಾರು ಬರೆಯುತ್ತಾರೆ, ಜಗಳ ಆದರೆ ಹೇಗೆ ತೀರ್ಮಾನ, ಬಿಡುವವರು ಹೇಗೆ ಬಿಡಬಹುದು. ದುಡ್ಡಿನ ವಿಷಯ ಮಾತ್ರ ಮೊದಲ ದಿನವೇ ಬರೆದುಬಿಡಿ. ಇಪ್ಪತ್ತು ವರ್ಷದ ಸ್ನೇಹ ಲೆಕ್ಕವಿಲ್ಲದ ಸಣ್ಣ ಮೊತ್ತಕ್ಕೆ ಮುರಿದು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ.

ವಿರೋಧಿಸುವವರ ಮನಸ್ಸು ಮೊದಲು ಗೆಲ್ಲಬೇಕಾ?

ಬೇಡ. ಕಡು ವಿರೋಧಿಯ ಜೊತೆ ಕಳೆದ ಒಂದು ಸಂಜೆಯಲ್ಲಿ, ಅರ್ಧ ಮನಸ್ಸಿರುವ ಮೂವರ ಜೊತೆ ಕೂರಬಹುದಿತ್ತು. ಜಗಳವನ್ನೂ ಕಾಯಬೇಡಿ. ನಮಸ್ಕಾರ ಹೇಳಿ ಮುಂದೆ ಹೋಗಿ.

ಗುಂಪು ಬೆಳೆಯುತ್ತಿದೆ. ಖುಷಿ ಪಡಲೇ, ಹೆದರಲೇ?

ಎರಡೂ. ಫ್ರಾನ್ಸಿನ ರಿಂಗೆಲ್‌ಮನ್ ಎಂಬ ಕೃಷಿ ಎಂಜಿನಿಯರ್ ನೂರು ವರ್ಷಕ್ಕೂ ಹಿಂದೆ ಜನರ ಕೈಯಲ್ಲಿ ಹಗ್ಗ ಎಳೆಸಿ ಬಲ ಅಳೆದಿದ್ದ. ಎಂಟು ಜನ ಒಟ್ಟಿಗೆ ಎಳೆದಾಗ, ಒಬ್ಬೊಬ್ಬರೇ ಎಳೆದ ಬಲವನ್ನು ಕೂಡಿಸಿದರೆ ಬರುವುದರ ಅರ್ಧದಷ್ಟೇ ಬಂತು. ಒಂದು ಕಾರಣ, ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯುವುದಿಲ್ಲ. ಇನ್ನೊಂದು ಕಾರಣ ನಮಗೆಲ್ಲ ಗೊತ್ತಿರುವುದೇ, ಪಕ್ಕದವನು ಎಳೀತಾನಲ್ಲ ಬಿಡು ಅನ್ನುವುದು.

ಹದಿನೈದು ದಾಟಿದರೆ ಎರಡು ಬಳಗ ಮಾಡಿ. ಎರಡಕ್ಕೂ ಬೇರೆಬೇರೆ ಕೆಲಸ ಕೊಡಿ, ಹಳಬರನ್ನು ಎರಡೂ ಕಡೆ ಹಂಚಿ. ಸಸಿ ಕಿತ್ತು ನೆಟ್ಟ ಹಾಗೆ, ಬೇರಿನ ಜೊತೆ ಒಂದು ಹಿಡಿ ಹಳೆಯ ಮಣ್ಣೂ ಹೋಗಬೇಕು. ನಾವು ಒಮ್ಮೆ ಹೊಸಬರನ್ನೆಲ್ಲ ಒಂದು ಕಡೆ, ಹಳಬರನ್ನೆಲ್ಲ ಒಂದು ಕಡೆ ಹಾಕಿದೆವು. ಹೊಸಬರ ಬಳಗ ಎರಡು ತಿಂಗಳೂ ಬಾಳಲಿಲ್ಲ.

ಸಣ್ಣ ಗುಂಪಿನ ಅಭ್ಯಾಸ ಎಲ್ಲರ ಅಭ್ಯಾಸವಾಗುವುದು ಯಾವಾಗ?

ಸಮಾಜಶಾಸ್ತ್ರಜ್ಞ ಡೇಮನ್ ಸೆಂಟೋಲಾ ಮತ್ತು ಜೊತೆಗಾರರು 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಇಪ್ಪತ್ತು ಮೂವತ್ತು ಜನರ ಗುಂಪುಗಳಿಗೆ ಒಂದು ಚಿತ್ರಕ್ಕೆ ಹೆಸರು ಒಪ್ಪಿಕೊಳ್ಳುವ ಆಟ ಕೊಟ್ಟರು. ಎಲ್ಲರೂ ಒಂದು ಹೆಸರಿಗೆ ಒಗ್ಗಿದ ಮೇಲೆ, ಬೇರೆ ಹೆಸರನ್ನೇ ಹಟ ಹಿಡಿದು ಹೇಳುವ ಕೆಲವರನ್ನು ಒಳಗೆ ಬಿಟ್ಟರು. ಹಟಮಾರಿಗಳು ನಾಲ್ಕನೇ ಒಂದು ಪಾಲಿಗೆ ಮುಟ್ಟಿದಾಗ ಗುಂಪು ತಿರುಗಿತು. ಅದಕ್ಕಿಂತ ಸ್ವಲ್ಪ ಕಡಿಮೆ ಇದ್ದಾಗ ಏನೂ ಆಗಲಿಲ್ಲ.

ಇದು ಆಟ. ಆ ನಾಲ್ಕನೇ ಒಂದು ಪಾಲು ಎಂಬ ಲೆಕ್ಕವನ್ನು ನಿಮ್ಮ ಕಚೇರಿಗೋ ಸಂಘಕ್ಕೋ ಹಾಗೇ ಅಂಟಿಸಬೇಡಿ. ಅದರಲ್ಲಿ ನನಗೆ ನೆಮ್ಮದಿ ಕೊಡುವುದು ಬೇರೆ ಸಂಗತಿ. ಗುಂಪು ತಿರುಗುವ ಮುಂಚಿನ ಗಳಿಗೆ ಸೋತ ಹಾಗೇ ಕಾಣುತ್ತದೆ. ‘ಏನೂ ಆಗ್ತಿಲ್ಲ’ ಅನ್ನುವ ತಿಂಗಳುಗಳಲ್ಲೇ ಬಹಳ ಜನ ಕೈಬಿಡುತ್ತಾರೆ.

ಮೊದಲು ಹೇಳಿದ ಆ ನಾಲ್ವರು ವಿದ್ಯಾರ್ಥಿಗಳು ಕೌಂಟರಿನಲ್ಲಿ ಕಾಫಿ ಕೇಳಿದರು, ಕೊಡಲಿಲ್ಲ, ಅಂಗಡಿ ಮುಚ್ಚುವವರೆಗೆ ಕೂತರು. ಮರುದಿನ ಇಪ್ಪತ್ತಕ್ಕೂ ಹೆಚ್ಚು ಜನ ಬಂದರು, ನಾಲ್ಕನೇ ದಿನಕ್ಕೆ ಸುಮಾರು ಮುನ್ನೂರು. ಕೇಳಲು ಮಿಂಚಿನ ಹಾಗಿದೆ. ಆದರೆ ಆ ನಾಲ್ವರು ಅದಕ್ಕೆ ಮುಂಚೆ ಎಷ್ಟೋ ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಇದನ್ನೇ ಮಾತಾಡಿಕೊಂಡಿದ್ದರು. ಕೌಂಟರಿನಲ್ಲಿ ಕಪ್ಪು ಜನರಿಗೆ ಬಡಿಸಿದ್ದು ಜುಲೈ 25ಕ್ಕೆ, ಹೆಚ್ಚುಕಡಿಮೆ ಆರು ತಿಂಗಳಾದ ಮೇಲೆ.

ನಿಷ್ಠೆ ನಿಷ್ಠೆ ಅಂತ ಹೋಗಿ ಬಳಗ ಒಂದು ಪಂಥದ ಹಾಗೆ ಆಗಿಬಿಟ್ಟರೆ?

ಒಳ್ಳೆಯ ಪ್ರಶ್ನೆ. ಕೇಳುವವರು ಮಾತ್ರ ಕಡಿಮೆ. ಜನ ಕೆಲಸಕ್ಕೆ ಅಂಟಿಕೊಂಡಿದ್ದಾರಾ, ನಿಮಗೆ ಅಂಟಿಕೊಂಡಿದ್ದಾರಾ ಅಂತ ಆಗಾಗ ನೋಡಿಕೊಳ್ಳಿ. ಹೊರಟವರನ್ನು ದ್ರೋಹಿ ಅನ್ನಲು ಶುರುವಾಗಿದ್ದರೆ, ಕಳೆದ ಆರು ತಿಂಗಳಲ್ಲಿ ಯಾರೂ ನಿಮಗೆ ಎದುರು ಮಾತಾಡಿಲ್ಲದಿದ್ದರೆ, ಹೊರಗಿನವರೆಲ್ಲ ದಡ್ಡರು ಅನ್ನುವ ನಗೆಚಾಟಿಕೆ ಜಾಸ್ತಿಯಾಗಿದ್ದರೆ, ಎಚ್ಚರ ವಹಿಸಿ.

ನಮ್ಮಲ್ಲಿ ನನ್ನ ಓದನ್ನು ತಿದ್ದಲು ಎಲ್ಲರೂ ಹಿಂಜರಿಯುತ್ತಿದ್ದರು. ಒಂದು ದಿನ ಹದಿನೆಂಟರ ಹುಡುಗಿಯೊಬ್ಬಳು, ‘ಅಂಕಲ್, ನೀವು ತುಂಬಾ ಬೇಗ ಓದ್ತೀರಾ, ನಂಗೆ ಬರ್ಕೊಳ್ಳೋಕೆ ಆಗಲ್ಲ’ ಅಂದಳು. ಅವಳು ಆ ರೆಕಾರ್ಡಿಂಗ್ ಕೇಳಿ ಓದುತ್ತಿದ್ದ ವಿದ್ಯಾರ್ಥಿನಿ. ಕೋಣೆ ಒಂದು ಕ್ಷಣ ಗಪ್‌ಚಿಪ್. ಆ ಅಧ್ಯಾಯ ಪೂರ್ತಿ ಮತ್ತೆ ಓದಿದೆ. ಅವತ್ತಿನಿಂದ ಯಾರ ಓದಾದರೂ ಮೊದಲು ಕೇಳುವವರು ವಿದ್ಯಾರ್ಥಿಗಳೇ.

ಜನ ಬಿಟ್ಟು ಹೋಗುತ್ತಾರೆ. ಮನಸ್ಸಿಗೆ ನೋವಾಗುತ್ತದೆ.

ಆಗುತ್ತದೆ. ಮದುವೆ, ಕೆಲಸ, ಮಗು, ವರ್ಗಾವಣೆ, ಬೇಸರ, ಕಾರಣ ನೂರು. ಬಿಡುವಾಗ ಕಾರಣ ಕೆದಕಬೇಡಿ. ಕೈಯಲ್ಲಿದ್ದ ಕೆಲಸವನ್ನು ಯಾರಿಗೆ ದಾಟಿಸುತ್ತೀರಿ ಅಂತ ಮಾತ್ರ ಕೇಳಿ. ಮರ್ಯಾದೆಯಿಂದ ಕಳಿಸಿಕೊಟ್ಟವರಲ್ಲಿ ಕೆಲವರು ನಾಲ್ಕೈದು ವರ್ಷದ ಮೇಲೆ ವಾಪಸ್ ಬಂದದ್ದೂ ಇದೆ.

ನನಗೆ ಮುಂದಾಳು ಆಗುವ ಆಸೆಯೇ ಇಲ್ಲ. ಸುಮ್ನೆ ಸೇರಿಕೊಳ್ಳಬಹುದಾ?

ಖಂಡಿತ. ನಿಮ್ಮ ಸುತ್ತ ಯಾರೋ ಒಬ್ಬರು ಒಂದು ಒಳ್ಳೆಯ ಕೆಲಸ ಹಿಡಿದು ಒಂಟಿಯಾಗಿ ಏಗುತ್ತಿರುತ್ತಾರೆ. ಹೋಗಿ ‘ಏನು ಸಹಾಯ ಬೇಕು’ ಅಂತ ಕೇಳಬೇಡಿ, ಅವರು ಏನೂ ಬೇಡ ಅಂತಲೇ ಅನ್ನುತ್ತಾರೆ. ಒಂದು ಸಲ ಜೊತೆಗೆ ಕೂತು ಏನೇನು ನಡೆಯುತ್ತದೆ ನೋಡಿ. ಎಲ್ಲಿ ಸಿಕ್ಕಿಬೀಳುತ್ತಿದೆ ಅಂತ ಗೊತ್ತಾಗುತ್ತದೆ. ಮುಂದಿನ ಸಲ ಹೋಗುವಾಗ ಅದಕ್ಕೆ ಬೇಕಾದ್ದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಹಳೆಯ ಬೆಡ್‌ಶೀಟ್ ಆದರೂ ಸರಿ.